ಸಂಚಕಾರ ಕೊಡುವ ಮುನ್ನ

ಪುಣೆಯಿಂದ ಲೋಣಾವಳೆಗೆ ಹೋಗುವ ಲೋಕಲ್ ಗಾಡಿಯಲ್ಲಿ ಆಕುರ್ಡಿಯನ್ನು ದಾಟಿದ ಮೇಲೆ ಬರುವ ನಿಲ್ದಾಣ ದೇಹೂ ರೋಡ್. ತುಕಾರಾಮ ಮಹಾರಾಜರ ದೇಹೂ ಕ್ಷೇತ್ರಕ್ಕೆ ಹೋಗುವ ಯಾತ್ರಿಕರು ಇಲ್ಲಿ ಇಳಿಯುತ್ತಾರೆ. 1954ನೆಯ ಇಸವಿಯ ಡಿಸೆಂಬರ್ 25ರಂದು ಡಾ. ಅಂಬೇಡಕರರು ಪ್ರತಿಷ್ಠಾಪಿಸಿದ ಬುದ್ಧಮೂರ್ತಿಯ ದರ್ಶನಕ್ಕೆ ಬರುವವರೂ ಇಲ್ಲಿಯೇ ಇಳಿಯುತ್ತಾರೆ. ಸೇನೆಯ ಕೋಠಿಗಳಲ್ಲಿ ದುಡಿಯುವವರಂತೂ ಸರಿಯೇ. ಈಚಿನ ವರ್ಷಗಳಲ್ಲಿ ರವಿವಾರ ಬಂತೆಂದರೆ ಇನ್ನೊಂದು ಬಗೆಯ ಜನವೂ ಇಲ್ಲಿ ಇಳಿಯತೊಡಗಿದೆ. ಹೆಂಡತಿಯ ಕೈಯಲ್ಲೊಂದು ಚೀಲ, ಗಂಡನ ಕೈಯಲ್ಲಿ ಮಡಿಚಿದ ಜಾಹೀರಾತು, ಇಬ್ಬರ ಕಣ್ಣಲ್ಲಿಯೂ ಒಂದೇ ಪ್ರಶ್ನೆ. ಇವರು ಮನೆ ನೋಡಲು ಬಂದವರು.

ನಗರದೊಳಗೆ ಮನೆಯ ಬೆಲೆ ಕೈಗೆಟುಕದಷ್ಟು ಏರಿದುದರಿಂದ ಸಾಮಾನ್ಯ ಸಂಬಳದವರ ದೃಷ್ಟಿ ಈ ಕಡೆಗೆ ಹೊರಳಿದೆ. 2002ರಲ್ಲಿ ಪೂರ್ಣಗೊಂಡ ಮುಂಬಯಿ–ಪುಣೆ ದ್ರುತಗತಿ ಮಾರ್ಗ ಇಲ್ಲಿಗೆ ಸಮೀಪದ ಕಿವಳೆಯಲ್ಲಿ ಬಂದು ಮುಗಿಯುತ್ತದೆ. ಹಿಂಜವಡಿಯ ಕಚೇರಿಗಳೂ ದೂರವಿಲ್ಲ. ಹೀಗಾಗಿ ಹೊಲಗಳಿದ್ದಲ್ಲಿ ಹತ್ತು ಹನ್ನೆರಡು ಅಂತಸ್ತಿನ ಕಟ್ಟಡಗಳೆದ್ದಿವೆ. ಇಪ್ಪತ್ತು ವರ್ಷ ಹೋಟೆಲಿನ ಮಾಳಿಗೆಯ ಮೇಲೆ ಹಾಸಿಗೆ ಬಿಡಿಸಿ ಮಲಗಿದ ನಮ್ಮವರಿಗೂ, ಬಾಡಿಗೆಯ ಖೋಲಿಯಲ್ಲಿ ಮಕ್ಕಳನ್ನು ಓದಿಸಿದ ಗುಮಾಸ್ತರಿಗೂ, ಒಂದು ಸ್ವಂತ ಬಾಗಿಲು ಬೇಕೆನಿಸಿದರೆ ಅದರಲ್ಲಿ ಆಶ್ಚರ್ಯವೇನಿದೆ?

ಆದರೆ ಆ ಬಾಗಿಲಿಗೆ ಹೋಗುವ ದಾರಿಯಲ್ಲಿ ಮೊದಲು ಎದುರಾಗುವುದು ಸಂಚಕಾರ. ಅದರ ಬಗ್ಗೆಯೇ ಇಲ್ಲಿ ನಾಲ್ಕು ಮಾತು.

ಪಾಡವಾಕ್ಕೆ ಎಂಟು ದಿನ ಮುಂಚೆ

ಹಳೆಯ ಹೆದ್ದಾರಿಯ ಬದಿಯ ಒಂದು ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕುಳಿತುಕೊಳ್ಳುವ ಸದ್ಗೃಹಸ್ಥರೊಬ್ಬರು ನನಗೆ ಪರಿಚಿತರು. ಕುಂದಾಪುರದ ಕಡೆಯವರು. ಲೋಟ ತೊಳೆಯುವ ಹುಡುಗನಾಗಿ ಬಂದು, ಸಪ್ಲಾಯರ್ ಆಗಿ, ಈಗ ಮಾಲಿಕರ ನಂಬುಗೆಯ ಮನುಷ್ಯರಾಗಿದ್ದಾರೆ. ಕೆಲವು ವರ್ಷಗಳ ಹಿಂದೆ ಗುಡಿ ಪಾಡವಾಕ್ಕೆ, ಅಂದರೆ ನಮ್ಮ ಯುಗಾದಿಗೆ, ಎಂಟು ದಿನವಿರುವಾಗ ಅವರ ಬಳಿಗೆ ಒಬ್ಬ ದಲಾಲಿ ಬಂದನು. ದಿನವೂ ಚಹಕ್ಕೆ ಬರುವ ಪರಿಚಯದ ಮುಖವೇ.

"ಅಣ್ಣಾ, ಪಾಡವಾದ ದಿನ ಮಾದರಿ ಮನೆ ಎಲ್ಲರಿಗೂ ತೆರೆಯುತ್ತದೆ. ಆ ದಿನ ಜಾತ್ರೆಯಾಗುತ್ತದೆ. ಚದರಡಿಗೆ 150 ರೂಪಾಯಿ ಏರುತ್ತದೆ. ಮೂಲೆಯ ಮನೆ ನಿಮಗಾಗಿ ಹಿಡಿದಿಟ್ಟಿದ್ದೇನೆ. ನಾಳೆ ಒಂದು ಲಕ್ಷ ರೊಕ್ಕ ಕೊಡಿ, ನಿಮ್ಮ ಹೆಸರು ಬರೆಸುತ್ತೇನೆ" ಎಂದನು.

ಒಂದು ಲಕ್ಷ ಅವರ ಬಳಿ ಇತ್ತು. ಚೀಟಿ ಎತ್ತಿದ್ದ ಹಣ, ಊರಿನಲ್ಲಿ ಮಗಳ ಮದುವೆಗೆಂದು ತೆಗೆದಿಟ್ಟದ್ದು. ಅದೇ ರಾತ್ರಿ ಗಲ್ಲೆ ಮುಚ್ಚಿದ ಮೇಲೆ ನನ್ನಲ್ಲಿಗೆ ಬಂದು, "ಎಂತ ಮಾಡುವುದು ಮಾರಾಯ್ರೇ? ಕೊಟ್ಟರೂ ಹೆದರಿಕೆ, ಕೊಡದಿದ್ದರೂ ಹೆದರಿಕೆ" ಎಂದರು.

ಈ ಹೆದರಿಕೆ ಅವರೊಬ್ಬರದಲ್ಲ. ಹೊಸ ಕಟ್ಟಡಗಳ ಮಾರಾಟದಲ್ಲಿ "ಬಾಗಿಲು ತೆರೆಯುವ ದಿನಕ್ಕೆ ಮುನ್ನ" ಎಂಬ ಮಾತೇ ಒಂದು ವ್ಯಾಪಾರದ ತಂತ್ರವಾಗಿದೆ. ಪಾಡವಾ, ಅಕ್ಷಯ ತೃತೀಯಾ, ದಸರಾ ಇವು ಒಳ್ಳೆಯ ದಿನಗಳೆಂಬ ನಂಬಿಕೆ ನಮ್ಮಲ್ಲಿದೆ; ಆ ದಿನಗಳ ಹಿಂದುಮುಂದೆ ಅವಸರಪಡಿಸುವುದು ಮಾರುವವನಿಗೆ ಸುಲಭ.

ಒಂದು ಶಬ್ದ, ಎರಡು ಅರ್ಥ

ಮರಾಠಿಯಲ್ಲಿ ಈ ಮುಂಗಡಕ್ಕೆ "ಇಸಾರ" ಎನ್ನುತ್ತಾರೆ. ಅದರ ರಸೀದಿ "ಇಸಾರ ಪಾವತಿ". ನಮ್ಮ ಕನ್ನಡದಲ್ಲಿ ಅದೇ "ಸಂಚಕಾರ". ವ್ಯವಹಾರ ಗಟ್ಟಿಯಾಯಿತೆಂಬುದಕ್ಕೆ ಗುರುತಾಗಿ ಕೊಡುವ ಹಣ. ಆದರೆ ನಾವೇ "ಪ್ರಾಣಕ್ಕೆ ಸಂಚಕಾರ ಬಂತು" ಎಂದೂ ಹೇಳುತ್ತೇವೆ. ಮುಂಗಡವೆಂಬ ಅರ್ಥದ ಶಬ್ದವೇ ಅಪಾಯವೆಂಬ ಅರ್ಥಕ್ಕೂ ಬಳಕೆಯಾಗಿರುವುದು ನಮ್ಮ ಹಿರಿಯರ ಅನುಭವದ ಫಲವೋ ಏನೋ!

ಸಂಸ್ಕೃತದಲ್ಲಿ ಇದಕ್ಕೆ "ಸತ್ಯಂಕಾರ" ಎಂದು ಹೆಸರು. ಮಾತನ್ನು ಸತ್ಯ ಮಾಡುವಂಥದು ಎಂದರ್ಥ. ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಸತ್ಯಂಕಾರವಾಗಿ ಕೊಟ್ಟ ದ್ರವ್ಯದ ಬಗ್ಗೆ ವಿಧಿಯುಂಟು. ಅದಕ್ಕೆ ಪ್ರಸಿದ್ಧವಾದ ವ್ಯಾಖ್ಯಾನ ಮಿತಾಕ್ಷರವನ್ನು ಬರೆದ ವಿಜ್ಞಾನೇಶ್ವರನು ನಮ್ಮ ನಾಡಿನವನೇ. ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನು ಆಳುತ್ತಿದ್ದ ಕಾಲದವನು. ಆತ ಕೊಟ್ಟ ವಿವರಣೆಯ ತಾತ್ಪರ್ಯವಿಷ್ಟು: ಕ್ರಯವಿಕ್ರಯವನ್ನು ಗಟ್ಟಿಗೊಳಿಸಲು ಉಂಗುರ ಮೊದಲಾದುದನ್ನು ಒಬ್ಬನು ಇನ್ನೊಬ್ಬನ ಕೈಗಿತ್ತಾಗ, ಕೊಟ್ಟವನೇ ಮಾತಿಗೆ ತಪ್ಪಿದರೆ ಅದನ್ನು ಕಳೆದುಕೊಳ್ಳತಕ್ಕದ್ದು, ಪಡೆದವನು ತಪ್ಪಿದರೆ ಇಮ್ಮಡಿಯಾಗಿ ಹಿಂದಿರುಗಿಸತಕ್ಕದ್ದು.

ಒಂಬೈನೂರು ವರ್ಷಗಳ ಹಿಂದಿನ ಈ ನ್ಯಾಯದಲ್ಲಿ ತಕ್ಕಡಿ ಎರಡೂ ಕಡೆಗೆ ಸಮವಾಗಿದೆ. ಈಗಿನ ದಲಾಲಿ ಕೇಳುವ ಸಂಚಕಾರದಲ್ಲಿ ಒಂದೇ ತಟ್ಟೆಯಿದೆ. ನಾವು ಹಿಂಜರಿದರೆ ಹಣ ಹೋಯಿತು. ಅವರು ಹಿಂಜರಿದರೆ "ಬೇರೆ ಮನೆ ನೋಡೋಣ ಅಣ್ಣಾ" ಎಂಬ ಸಮಾಧಾನ.

ಇಂಗ್ಲೆಂಡಿನಲ್ಲಿಯೂ ಮಾರಾಟದ ಮನೆಯನ್ನು ಗೊತ್ತಾದ ಒಂದು ದಿನ ಎಲ್ಲರಿಗೂ ತೋರಿಸುವ ಪದ್ಧತಿಯಿದೆ. ಕೆಲವರು ಆ ದಿನಕ್ಕೆ ಮುನ್ನವೇ ತಮ್ಮ ಬೆಲೆಯನ್ನು ತಿಳಿಸಿ, ಮನೆಯನ್ನು ಮತ್ತೊಬ್ಬರಿಗೆ ತೋರಿಸದಿರುವಂತೆ ಕೇಳಿಕೊಳ್ಳುತ್ತಾರೆ. ಆದರೆ ಅಲ್ಲಿ ಹೀಗೆ ಬೆಲೆ ಹೇಳುವುದು ಬರಿಯ ಮಾತು. ಕರಾರು ಪತ್ರಗಳು ಪರಸ್ಪರ ವಿನಿಮಯವಾಗುವವರೆಗೆ ಯಾರೂ ಯಾರಿಗೂ ಬದ್ಧರಲ್ಲ. ಸಾಮಾನ್ಯವಾಗಿ ನೂರಕ್ಕೆ ಹತ್ತರಷ್ಟು ಠೇವಣಿ ಕೊಡುವುದು ಆ ಹೊತ್ತಿನಲ್ಲಿಯೇ. ಅಲ್ಲಿ ಮೊದಲು ಮಾತು, ನಂತರ ಕಾಗದ, ಆಮೇಲೆ ಹಣ. ನಮ್ಮಲ್ಲಿ ಮೊದಲು ಹಣ, ನಂತರ ಮಾತು, ಕಾಗದವು ದೇವರಿಚ್ಛೆ. ಮುಂಚಿತವಾಗಿ ಬೆಲೆ ಹೇಳುವುದು ತಪ್ಪಲ್ಲ, ಕೆಲವು ವೇಳೆ ಜಾಣತನವೇ ಸರಿ. ಕಾಗದಕ್ಕೆ ಮುಂಚೆ ಹಣವನ್ನು ಕಳುಹಿಸುವುದೇ ತಪ್ಪು.

ಕಾನೂನು ನಮ್ಮ ಪಕ್ಷದಲ್ಲಿದೆ

ಈ ವಿಷಯದಲ್ಲಿ ಕಾನೂನು ಸುಮ್ಮನಿಲ್ಲ. 1963ರಲ್ಲಿಯೇ ಮಹಾರಾಷ್ಟ್ರದ ಫ್ಲ್ಯಾಟುಗಳ ಕಾನೂನು, ಬರೆದು ನೋಂದಾಯಿಸಿದ ಕರಾರಿಲ್ಲದೆ ಬೆಲೆಯ ನೂರಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ಮುಂಗಡವನ್ನು ಪಡೆಯಕೂಡದೆಂದು ವಿಧಿಸಿತು. 2016ರ ಸ್ಥಿರಾಸ್ತಿ ಅಧಿನಿಯಮ, ಜನರ ಬಾಯಲ್ಲಿ "ರೇರಾ", ಇನ್ನೂ ಬಿಗಿಯಾಯಿತು. ಅದರಲ್ಲಿ ನಮ್ಮವರು ಬಾಯಿಪಾಠ ಮಾಡಿಕೊಳ್ಳಬೇಕಾದ ಸಂಗತಿಗಳು ಇವು.

ಮೊದಲನೆಯದು: ಯೋಜನೆಯು ಮಹಾರೇರಾ ಪ್ರಾಧಿಕಾರದಲ್ಲಿ ನೋಂದಣಿಯಾಗುವ ಮುಂಚೆ ಅದರ ಜಾಹೀರಾತು ಕೊಡುವಂತಿಲ್ಲ, ಮಾರುವಂತಿಲ್ಲ, ಬುಕಿಂಗ್ ಮಾಡಿಕೊಳ್ಳುವಂತಿಲ್ಲ, ಕೊಳ್ಳಿರೆಂದು ಯಾರನ್ನೂ ಕರೆಯುವಂತಿಲ್ಲ. ತಪ್ಪಿದ ಬಿಲ್ಡರನಿಗೆ ಯೋಜನೆಯ ಅಂದಾಜು ವೆಚ್ಚದ ನೂರಕ್ಕೆ ಹತ್ತರವರೆಗೆ ದಂಡವುಂಟು. "ಇನ್ನೂ ನಂಬರು ಬಂದಿಲ್ಲ, ಬಂದ ಮೇಲೆ ರೇಟು ಏರುತ್ತದೆ" ಎಂದು ದಲಾಲಿ ಹೇಳಿದರೆ, ತಾನು ಮಾಡುತ್ತಿರುವುದು ಕಾನೂನುಬಾಹಿರವೆಂದು ಅವನೇ ಒಪ್ಪಿಕೊಂಡಂತಾಯಿತು.

ಎರಡನೆಯದು: ನೋಂದಣಿಯಾದ ಯೋಜನೆಯಲ್ಲಿಯೂ, ಮಾರಾಟದ ಕರಾರು ಬರೆದು ನೋಂದಾಯಿಸುವ ಮುಂಚೆ ಮನೆಯ ಬೆಲೆಯ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಹಣವನ್ನು ಪಡೆಯಕೂಡದು. 35 ಲಕ್ಷದ ಮನೆಯಾದರೆ ಮೂರೂವರೆ ಲಕ್ಷವೇ ಕೊನೆಯ ಗೆರೆ.

ಮೂರನೆಯದು: ಕೊಳ್ಳುವವರಿಂದ ಬಂದ ಹಣದ ನೂರಕ್ಕೆ 70 ಪಾಲನ್ನು ಆ ಕಟ್ಟಡದ ಖರ್ಚಿಗೆಂದೇ ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿಡಬೇಕು. ದಲಾಲಿಯ ಕಿಸೆಗೆ ಹೋದ ಸಂಚಕಾರಕ್ಕೆ ಈ ರಕ್ಷಣೆಯಿಲ್ಲ.

ನಾಲ್ಕನೆಯದು: ದಲಾಲಿಯೂ ಮಹಾರೇರಾದಲ್ಲಿ ನೋಂದಾಯಿತನಾಗಿರಬೇಕು, ನೋಂದಣಿಯಿಲ್ಲದ ಯೋಜನೆಯ ಮನೆ ಮಾರಿಸಲು ಅವನಿಗೆ ಅಧಿಕಾರವಿಲ್ಲ. 2023ರ ಆಗಸ್ಟ್ 1ರಿಂದ ಜಾಹೀರಾತುಗಳಲ್ಲಿ ಮೊಬೈಲಿನಿಂದ ಓದಬಹುದಾದ ಚೌಕದ ಗುರುತು, ಅಂದರೆ ಕ್ಯೂಆರ್ ಕೋಡ್, ಕಡ್ಡಾಯವಾಗಿದೆ. ಅದಕ್ಕೆ ಮೊಬೈಲು ಹಿಡಿದರೆ ಯೋಜನೆಯ ಪೂರ್ವಾಪರವೆಲ್ಲ ಕಾಣುತ್ತದೆ. ಹೋಟೆಲಿನ ಬಿಲ್ಲಿಗೆ ದಿನಕ್ಕೆ ನೂರು ಸಲ ಆ ಚೌಕವನ್ನು ತೋರಿಸುವ ನಮ್ಮವರಿಗೆ ಇದು ಕಷ್ಟದ ವಿದ್ಯೆಯಲ್ಲ.

ಆದರೆ ಒಂದು ಎಚ್ಚರಿಕೆ. ನಿವೇಶನವು 500 ಚದರ ಮೀಟರಿಗೆ ಮೀರದಿದ್ದರೆ ಅಥವಾ ಮನೆಗಳು ಎಂಟಕ್ಕೆ ಮೀರದಿದ್ದರೆ ರೇರಾ ನೋಂದಣಿ ಬೇಕಾಗಿಲ್ಲ. ಗಲ್ಲಿಗಳಲ್ಲಿ ಏಳುವ ಚಿಕ್ಕ ಕಟ್ಟಡಗಳು ಹಲವು ಈ ವರ್ಗಕ್ಕೆ ಸೇರುವುದರಿಂದ, ಅಲ್ಲಿ ಕಾಗದಪತ್ರಗಳನ್ನು ಇಮ್ಮಡಿ ಎಚ್ಚರದಿಂದ ನೋಡಬೇಕು.

ನೆಲ ಯಾರದು?

ದೇಹೂ ರೋಡಿನಲ್ಲಿ ಮನೆ ಕೊಳ್ಳುವವರು ಬೇರೆ ಕಡೆಯವರಿಗಿಂತ ಒಂದು ಪ್ರಶ್ನೆಯನ್ನು ಹೆಚ್ಚಾಗಿ ಕೇಳಬೇಕು. ಈ ಊರು ದಂಡಿನ ಸೀಮೆ. ಜಾಹೀರಾತಿನಲ್ಲಿ "ದೇಹೂ ರೋಡ್" ಎಂದಿದ್ದ ಮಾತ್ರಕ್ಕೆ ಮನೆ ದಂಡಿನೊಳಗಿದೆ ಎಂದಾಗಲಿ, ಹೊರಗಿದೆ ಎಂದಾಗಲಿ ಅರ್ಥವಲ್ಲ. ದಂಡಿಗೆ ತಾಗಿಕೊಂಡಿರುವ ಕಿವಳೆ, ರಾವೇತಗಳು ಪಿಂಪ್ರಿ–ಚಿಂಚವಡ ಮಹಾನಗರ ಪಾಲಿಕೆಗೆ ಸೇರಿವೆ. ಕಟ್ಟಡದ ನಕಾಶೆಗೆ ಒಪ್ಪಿಗೆ ಕೊಟ್ಟ ಆಡಳಿತ ಯಾವುದೆಂಬುದನ್ನು ಮೊದಲು ತಿಳಿಯಬೇಕು. ಆ ಒಪ್ಪಿಗೆಯ ಪ್ರತಿಯನ್ನು ಕಣ್ಣಾರೆ ನೋಡಬೇಕು.

ದಂಡಿನ ಸೀಮೆಗಳಲ್ಲಿ ಅನೇಕ ಕಡೆ ನೆಲ ಸರಕಾರದ್ದಾಗಿಯೂ ಮೇಲಿನ ಕಟ್ಟಡ ಮಾತ್ರ ಖಾಸಗಿಯವರದಾಗಿಯೂ ಇರುವುದುಂಟು. ಅಲ್ಲಿ ನೆಲದ ಹಕ್ಕಿನ ದಾಖಲೆಯಿರುವುದು ರಕ್ಷಣಾ ಇಲಾಖೆಯ ಭೂ ನೋಂದಣಿ ಪುಸ್ತಕದಲ್ಲಿ. ದಂಡಿನ ಹೊರಗಿನ ಹೊಲವಾದರೆ ಸಾತ್–ಬಾರಾ ಉತಾರ ನೋಡಬೇಕು.

ಇದಕ್ಕಿಂತಲೂ ದೊಡ್ಡ ಸಂಗತಿ ಕೆಂಪು ವಲಯ. ಇಲ್ಲಿ ಸೇನೆಯ ಮದ್ದುಗುಂಡಿನ ಕೋಠಿಯಿದೆ. 1903ರ ರಕ್ಷಣಾ ಕಾಮಗಾರಿ ಕಾನೂನಿನ ಮೇರೆಗೆ ಇಂತಹ ಕೋಠಿಯ ಸುತ್ತ 2000 ಗಜಗಳವರೆಗೆ ಕಟ್ಟಡಗಳನ್ನು ನಿರ್ಬಂಧಿಸಲು ಬರುತ್ತದೆ. ಜನ ಇದನ್ನೇ "ರೆಡ್ ಝೋನ್" ಎನ್ನುತ್ತಾರೆ. ತಳವಡೆ, ಚಿಖಲಿ, ನಿಗಡಿ, ಕಿವಳೆ, ರಾವೇತಗಳ ಕೆಲವು ಭಾಗಗಳಿಗೆ ಈ ಪ್ರಶ್ನೆ ತಗಲಿಕೊಂಡಿದೆ. ಇಂತಹ ನಿರ್ಬಂಧದೊಳಗೆ ಎದ್ದ ಮನೆ ಎಷ್ಟು ಅಗ್ಗವಾದರೂ ತುಟ್ಟಿಯೇ. ಅದಕ್ಕೆ ಬ್ಯಾಂಕಿನ ಸಾಲ ದೊರೆಯುವುದು ಕಷ್ಟ, ಮುಂದೆ ಮಾರುವುದೂ ಕಷ್ಟ. ಸರ್ವೆ ನಂಬರನ್ನು ಬರೆದುಕೊಂಡು ನಗರ ರಚನಾ ವಿಭಾಗದಿಂದ ವಲಯದ ದಾಖಲೆ ಪಡೆಯುವುದು ನಾಲ್ಕು ದಿನದ ಓಡಾಟ. ಪಡೆಯದಿರುವುದು ಜನ್ಮದ ಓಡಾಟ.

ಇನ್ನೊಂದು ಮಾತು. ನಾವು ಮರಾಠಿಯನ್ನು ಗಿರಾಕಿಯೊಡನೆ ಸರಾಗವಾಗಿ ಮಾತನಾಡುತ್ತೇವೆ. ಅಷ್ಟರಿಂದ ಮರಾಠಿಯ ದಸ್ತೈವಜನ್ನು ಓದಿ ಅರ್ಥ ಮಾಡಿಕೊಳ್ಳಬಲ್ಲೆವೆಂದು ಭ್ರಮಿಸಬಾರದು. ವಕೀಲರಿಗೆ ಕೊಡುವ ಕೆಲವು ಸಾವಿರ ರೂಪಾಯಿ, ಮನೆಯ ಬೆಲೆಯ ಮುಂದೆ ಉಪ್ಪಿನಕಾಯಿಯಷ್ಟು.

ಗಲ್ಲೆಯ ಲೆಕ್ಕ

ಸಂಚಕಾರ ಕೊಡುವ ಮುನ್ನ ನೋಡಬೇಕಾದ ಇನ್ನೊಂದು ದಾಖಲೆ ಬಿಲ್ಡರನ ಬಳಿಯಲ್ಲ, ನಮ್ಮ ಬಳಿಯೇ ಇದೆ. ಅದು ನಮ್ಮ ಸಂಬಳದ ಚೀಟಿ.

ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಸಾಲ ಮನೆಯ ಬೆಲೆಯ ನೂರಕ್ಕೆ 90ಕ್ಕೆ ಮೀರಬಾರದು. 30 ಲಕ್ಷದಿಂದ 75 ಲಕ್ಷದವರೆಗಿನ ಸಾಲ ನೂರಕ್ಕೆ 80ಕ್ಕೆ ಮೀರಬಾರದು. ಉಳಿದುದನ್ನೂ, ಮುದ್ರಾಂಕ ಶುಲ್ಕ ಮತ್ತು ನೋಂದಣಿಯ ಖರ್ಚನ್ನೂ ನಾವೇ ಹೊಂದಿಸಬೇಕು. ಇದು ಗರಿಷ್ಠ ಮಿತಿ. ಬ್ಯಾಂಕು ಅಷ್ಟನ್ನೂ ಕೊಟ್ಟೇ ಕೊಡುತ್ತದೆಂದಲ್ಲ. ಗುಮಾಸ್ತರಿಗೆ ಸಂಬಳ ಬ್ಯಾಂಕಿನಲ್ಲಿ ಜಮೆಯಾಗುತ್ತದೆ. ಆದರೆ ಹೋಟೆಲಿನ ಅನೇಕರಿಗೆ ಸಂಬಳ ಕೈಗೆ ರೊಕ್ಕವಾಗಿ ಬರುತ್ತದೆ; ಊಟ, ವಸತಿ ಅದರಲ್ಲಿ ಕೂಡಿಕೊಂಡಿರುತ್ತವೆ. ಕೈಯಲ್ಲಿ ಹಣವಿದ್ದರೂ ಕಾಗದದ ಮೇಲೆ ಅವರು ಬಡವರು. ಬ್ಯಾಂಕು ನೋಡುವುದು ಕಾಗದವನ್ನು.

ನಮ್ಮ ಆ ಸದ್ಗೃಹಸ್ಥರ ಹೋಟೆಲಿನಲ್ಲಿಯೇ ಒಬ್ಬ ಸಪ್ಲಾಯರ್, ಅದೇ ಪಾಡವಾಕ್ಕೆ ಮುನ್ನ 50,000 ರೂ. ರೊಕ್ಕ ಕೊಟ್ಟುಬಿಟ್ಟಿದ್ದನು. ರಸೀದಿಯೆಂದು ಸಿಕ್ಕಿದ್ದು ಹೆಸರು, ಮೊತ್ತ ಬರೆದ ಒಂದು ಚೀಟಿ. ಬ್ಯಾಂಕಿಗೆ ಹೋದಾಗ "ಸಂಬಳದ ಚೀಟಿ ತನ್ನಿ, ಆದಾಯ ತೆರಿಗೆಯ ವಿವರಣ ಪತ್ರ ತನ್ನಿ" ಎಂದರು. ಅವನ ಬಳಿ ಎರಡೂ ಇರಲಿಲ್ಲ. ಸಾಲವಾಗಲಿಲ್ಲ. ಕೊಟ್ಟ ಹಣ ಮರಳಿ ಬರಲು ಎಂಟು ತಿಂಗಳು ಹಿಡಿಯಿತು, ಬಂದದ್ದು 40,000. ಉಳಿದ ಹತ್ತು ಸಾವಿರ ಅವನ ದುಡಿಮೆಯ ಎಷ್ಟು ದಿನ, ಎಷ್ಟು ಮೇಜು, ಎಷ್ಟು ತಟ್ಟೆ ಎಂಬುದನ್ನು ನಮ್ಮ ವಾಚಕರಿಗೆ ನಾನು ಹೇಳಬೇಕಾಗಿಲ್ಲ.

ಆದುದರಿಂದ ಮನೆ ನೋಡುವುದಕ್ಕೆ ಎರಡು ಮೂರು ವರ್ಷ ಮುಂಚೆಯೇ ಸಂಬಳವನ್ನು ಬ್ಯಾಂಕಿನ ಮೂಲಕ ಕೊಡುವಂತೆ ಮಾಲಿಕರನ್ನು ಕೇಳಿಕೊಳ್ಳುವುದು, ಪ್ರತಿ ವರ್ಷ ತೆರಿಗೆಯ ವಿವರಣ ಪತ್ರ ಸಲ್ಲಿಸುವುದು ಒಳ್ಳೆಯದು. ಸಾಲ ಎಷ್ಟು ಸಿಗುತ್ತದೆಂಬುದನ್ನು ಬ್ಯಾಂಕಿನಿಂದ ಬರಹದಲ್ಲಿ ಪಡೆದ ಮೇಲೆಯೇ ಬೆಲೆಯ ಮಾತು ಆಡತಕ್ಕದ್ದು.

ಹಳೆಯ ಮನೆಯಾದರೆ

ಈಗಾಗಲೇ ಒಬ್ಬರು ವಾಸಿಸುತ್ತಿರುವ ಮನೆಯನ್ನು ಕೊಳ್ಳುವಾಗ ಮಾತ್ರ ಮುಂಚಿತವಾಗಿ ಬೆಲೆ ಹೇಳುವುದರಿಂದ ನಿಜವಾದ ಲಾಭವಿರಬಹುದು. ಮಾಲಿಕ ರವಿವಾರ ಹತ್ತು ಜನರನ್ನು ಕರೆದಿದ್ದಾನೆಂದರೆ, ಶುಕ್ರವಾರವೇ ಹೋಗಿ ನ್ಯಾಯವಾದ ಬೆಲೆಯನ್ನು ಹೇಳಿ ಮುಗಿಸಬಹುದು. ಹಾಗೆ ಸಂಚಕಾರ ಕೊಡುವಾಗ ರಸೀದಿಯಲ್ಲಿ ಇಷ್ಟಾದರೂ ಇರಲಿ: ಮನೆಯ ಪೂರ್ಣ ವಿವರ, ಒಪ್ಪಿದ ಬೆಲೆ, ಕರಾರು ನೋಂದಾಯಿಸುವ ಕೊನೆಯ ದಿನಾಂಕ. ಹಕ್ಕುಪತ್ರಗಳಲ್ಲಿ ದೋಷ ಕಂಡರೆ ಅಥವಾ ಬ್ಯಾಂಕು ಸಾಲ ನಿರಾಕರಿಸಿದರೆ ಹಣವನ್ನು ಪೂರ್ತಿಯಾಗಿ ಹಿಂದಿರುಗಿಸತಕ್ಕದ್ದೆಂಬ ಒಕ್ಕಣೆಯೂ ಇರಲಿ.

ರಸೀದಿಯಲ್ಲಿ ಯಾವ ಶಬ್ದವಿದೆಯೆಂಬುದೂ ಮುಖ್ಯ. ವ್ಯವಹಾರದ ಭದ್ರತೆಗಾಗಿ ಕೊಟ್ಟ ಸಂಚಕಾರವನ್ನು ಮಾತ್ರ ಕೊಳ್ಳುವವನು ತಪ್ಪಿದಾಗ ಮುಟ್ಟುಗೋಲು ಹಾಕಿಕೊಳ್ಳಬಹುದು, ಬೆಲೆಯ ಭಾಗವೆಂದು ಕೊಟ್ಟ ಮುಂಗಡವನ್ನಲ್ಲ ಎಂಬ ಭೇದವನ್ನು ಸರ್ವೋಚ್ಚ ನ್ಯಾಯಾಲಯವು 2012ರ ತೀರ್ಪೊಂದರಲ್ಲಿ ಸ್ಪಷ್ಟಪಡಿಸಿದೆ. ಹಣವನ್ನು ಚೆಕ್ಕಿನಿಂದಾಗಲಿ ಬ್ಯಾಂಕಿನ ಮೂಲಕವಾಗಲಿ ಕೊಡಬೇಕು. ಸ್ಥಿರಾಸ್ತಿಯ ಮುಂಗಡವನ್ನು 20,000 ರೂ. ಅಥವಾ ಹೆಚ್ಚಾಗಿ ರೊಕ್ಕದಲ್ಲಿ ಪಡೆಯುವುದನ್ನು ಆದಾಯ ತೆರಿಗೆಯ ಕಾನೂನು 2015ರಿಂದ ನಿಷೇಧಿಸಿದೆ. ಪಡೆದವನಿಗೆ ಅಷ್ಟೇ ಮೊತ್ತದ ದಂಡವಾಗಬಹುದು. "ರೊಕ್ಕವೇ ಬೇಕು" ಎನ್ನುವವನಿಗೆ ಈ ನಿಯಮವನ್ನು ನಯವಾಗಿ ನೆನಪಿಸಿದರೆ ಅವನ ಅವಸರ ಅರ್ಧ ಇಳಿಯುತ್ತದೆ. ಉಪನೋಂದಣಿ ಕಚೇರಿಯ ಇಂಡೆಕ್ಸ್–2, ಸೊಸೈಟಿಯ ಬಾಕಿಯಿಲ್ಲವೆಂಬ ಪತ್ರ, ಮನೆಯ ಮೇಲೆ ಸಾಲವಿದ್ದರೆ ಬ್ಯಾಂಕಿನ ಪತ್ರ, ಇವನ್ನು ನೋಡದೆ ದೊಡ್ಡ ಮೊತ್ತಕ್ಕೆ ಕೈ ಹಾಕಬಾರದು.

ಇನ್ನು ಮ್ಹಾಡಾ ಸಂಸ್ಥೆಯ ಪುಣೆ ಮಂಡಳವು ಸೋಡತಿಯ ಮೂಲಕ ಮನೆಗಳನ್ನು ಹಂಚುವುದುಂಟು. ಅಲ್ಲಿ ಕೊಟ್ಟ ಠೇವಣಿ, ಹೆಸರು ಬಾರದವರಿಗೆ ಮರಳಿ ಬರುತ್ತದೆ. ಮುಂಚಿತವಾಗಿ ಹಣ ಕೊಡುವುದೇ ಆದರೆ ಅದು ಹೀಗಿರಬೇಕು: ಕೊಟ್ಟದ್ದಕ್ಕೆ ಲೆಕ್ಕ, ಬಾರದಿದ್ದರೆ ವಾಪಸು.

ಅರವತ್ತು ಸಾವಿರದ ನಿದ್ದೆ

ಆ ರಾತ್ರಿ ನಾವಿಬ್ಬರೂ ಕುಳಿತು ಮೂರು ಪ್ರಶ್ನೆಗಳನ್ನು ಬರೆದೆವು. ಯೋಜನೆಯ ಮಹಾರೇರಾ ನಂಬರು ಏನು? ಹಣವನ್ನು ಯೋಜನೆಯ ಬ್ಯಾಂಕ್ ಖಾತೆಗೆ ಚೆಕ್ಕಿನಿಂದ ಕೊಡಬಹುದೇ? ಸಾಲವಾಗದಿದ್ದರೆ ಹಣ ಪೂರ್ತಿ ವಾಪಸಾಗುವುದೆಂದು ಬರೆದು ಕೊಡುವಿರಾ? ಮರುದಿನ ಚಹಕ್ಕೆ ಬಂದ ದಲಾಲಿ ಮೂರನ್ನೂ ಓದಿ, "ಅಣ್ಣಾ, ಇಷ್ಟೆಲ್ಲ ಕೇಳುವವರಿಗೆ ಮನೆ ಆಗುವುದಿಲ್ಲ" ಎಂದು ನಕ್ಕು ಹೋದನು.

ಪಾಡವಾದ ದಿನ ಮೂಲೆಯ ಮನೆ ಬೇರೆಯವರ ಪಾಲಾಯಿತು. ನಮ್ಮವರಿಗೆ ಬೇಸರವಾಗಲಿಲ್ಲವೆಂದು ಹೇಳಿದರೆ ಸುಳ್ಳಾದೀತು. ಎರಡೂವರೆ ತಿಂಗಳ ಮೇಲೆ ಯೋಜನೆ ನೋಂದಣಿಯಾಯಿತು. ಅವರು ವಕೀಲರಿಂದ ಕಾಗದ ಓದಿಸಿ, ಬ್ಯಾಂಕಿನ ಒಪ್ಪಿಗೆ ಪಡೆದು, ನಾಲ್ಕನೆಯ ಅಂತಸ್ತಿನಲ್ಲಿ 400 ಚದರಡಿಯ ಮನೆಯೊಂದಕ್ಕೆ ಕರಾರು ನೋಂದಾಯಿಸಿಕೊಂಡರು. ದಲಾಲಿ ಹೇಳಿದ್ದ 150 ರೂಪಾಯಿ ನಿಜವಾಗಿಯೂ ಏರಿತ್ತು. ಒಟ್ಟು 60,000 ರೂ. ಹೆಚ್ಚಾಯಿತು. ಕಾದವರಿಗೆ ನಷ್ಟವೇ ಇಲ್ಲವೆಂದು ಹೇಳುವುದು ಪ್ರಾಮಾಣಿಕವಲ್ಲ, ಕಾಯುವುದಕ್ಕೂ ಬೆಲೆಯುಂಟು.

ಆ ಬೆಲೆಯ ಬಗ್ಗೆ ಅವರನ್ನೇ ಕೇಳಿದೆ. ಗಲ್ಲೆಯ ಮೇಲಿಂದ ಚಿಲ್ಲರೆ ಎಣಿಸುತ್ತ ಹೇಳಿದರು: "ಅರವತ್ತು ಸಾವಿರ ಹೋಯಿತು ಮಾರಾಯ್ರೇ, ಸರಿ. ಆದರೆ ಮಗಳ ಮದುವೆಯ ದುಡ್ಡು ಯಾರ ಕಿಸೆಯಲ್ಲಿದೆ ಎಂದು ಯೋಚಿಸುತ್ತ ಎರಡೂವರೆ ತಿಂಗಳು ಮಲಗಬೇಕಾಗಿ ಬರಲಿಲ್ಲವಲ್ಲ."

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಪರಸ್ಥಳದಲ್ಲಿ ದುಡಿಯುವ ನಮಗೆ ಮನೆಯೂ ಮದುವೆಯೂ ಒಂದೇ ಗಂಟಿನಿಂದ ಆಗಬೇಕಾಗಿದೆ. ಆ ಗಂಟನ್ನು ಬಿಚ್ಚುವ ಮುನ್ನ ಎದುರಿಗಿರುವವನ ಕೈಯಲ್ಲಿ ಕಾಗದವಿದೆಯೇ ಎಂದು ನೋಡೋಣ. ಒಳ್ಳೆಯ ದಿನ ವರುಷಕ್ಕೊಮ್ಮೆ ಬರುತ್ತದೆ, ಮುಂದಿನ ವರುಷವೂ ಬರುತ್ತದೆ.